ತಟ್ಟೆಯ ಧೂಳೂ ದನಿಯ ಆಯುಷ್ಯವೂ

(ಬಾನುಲಿ ಭಾಷಣ)

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮನೆಯಿಂದ ಹೊರಹಾಕುವವರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ‘ಅದು ಕೆಟ್ಟುಹೋಗಿದೆ, ಹಾಡಿಗಿಂತ ಚರಚರ ಸದ್ದೇ ಹೆಚ್ಚು.’ ಈ ತೀರ್ಪು ಎಷ್ಟೋ ವೇಳೆ ಅವಸರದ್ದು. ಕೇಳಿಬರುವ ಸದ್ದು ತಟ್ಟೆ ಸವೆದುದರ ಸದ್ದೋ, ಅದರಲ್ಲಿ ಕುಳಿತ ಕೊಳೆಯ ಸದ್ದೋ ಎಂದು ವಿಚಾರಿಸದೆಯೇ ನಾವು ಅದನ್ನು ಗುಜರಿಗೆ ಹಾಕಿಬಿಡುತ್ತೇವೆ. ಸವೆತಕ್ಕೆ ಮದ್ದಿಲ್ಲ, ಕೊಳೆಗೆ ಮದ್ದುಂಟು. ಆ ಮದ್ದನ್ನು ಮನೆಯಲ್ಲಿಯೇ ಮಿತವಾದ ವೆಚ್ಚದಲ್ಲಿ ಮಾಡಿಕೊಳ್ಳುವುದು ಹೇಗೆ, ಯಾವ ತಟ್ಟೆಗೆ ಯಾವ ಮದ್ದು ವಿಷವಾದೀತು ಎಂಬುದೇ ಈ ಹೊತ್ತಿನ ವಿಷಯ.

ಮೊದಲು ರೋಗಿಯ ಪರಿಚಯವಾಗಬೇಕು. ನಮ್ಮ ಮನೆಗಳಲ್ಲಿ ಉಳಿದಿರುವ ತಟ್ಟೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ನಿಮಿಷಕ್ಕೆ 78 ಸುತ್ತು ತಿರುಗುವ, ಕೈಜಾರಿದರೆ ಹಂಚಿನಂತೆ ಒಡೆಯುವ ತಟ್ಟೆ ಒಂದು. ಅದು ಅರಗಿನಿಂದ ಮಾಡಿದ್ದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದ, ನಿಮಿಷಕ್ಕೆ 33⅓ ಸುತ್ತು ತಿರುಗುವ ಲಾಂಗ್ ಪ್ಲೇ ತಟ್ಟೆ ಇನ್ನೊಂದು. ಅದು ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಕಲ್ಕತ್ತೆಯ ಬಳಿಯ ಡಮ್ ಡಮ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಊರುಗಳ ಅಂಗಡಿಗಳಿಗೆ ಬರುತ್ತಿದ್ದ ಸಿನಿಮಾ ಹಾಡುಗಳ, ಕಛೇರಿಗಳ ತಟ್ಟೆಗಳಲ್ಲಿ ಈ ಎರಡೂ ಜಾತಿಯವು ಇದ್ದವು. ನೋಟಕ್ಕೆ ಎರಡೂ ಕಪ್ಪು, ಎರಡೂ ದುಂಡು. ಆದರೆ ಒಂದರ ಔಷಧ ಇನ್ನೊಂದಕ್ಕೆ ಮಾರಕವಾಗಬಹುದು. ಆ ಮಾತಿಗೆ ಮುಂದೆ ಬರುತ್ತೇನೆ.

ಲಾಂಗ್ ಪ್ಲೇ ತಟ್ಟೆಯ ಮೈಮೇಲೆ ಕಾಣುವ ನೂರಾರು ಗೆರೆಗಳು ವಾಸ್ತವವಾಗಿ ಒಂದೇ ಗೆರೆ. ಅಂಚಿನಿಂದ ಹೊರಟು ಸುರುಳಿ ಸುತ್ತುತ್ತ ನಡುವಿನ ಚೀಟಿಯವರೆಗೆ ಹರಿಯುವ ಒಂದೇ ಕಾಲುವೆ ಅದು. 20 ನಿಮಿಷ ಹಾಡುವ ಒಂದು ಮಗ್ಗುಲಿನ ಕಾಲುವೆಯನ್ನು ಬಿಚ್ಚಿ ಉದ್ದಕ್ಕೆ ಹಾಸುವುದು ಸಾಧ್ಯವಾದರೆ ಅದು ಸುಮಾರು 430 ಮೀಟರ್ ಆದೀತು. ಅದರ ಅಗಲವಾದರೋ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆ ಕಾಲುವೆಯ ಎರಡು ದಡಗಳ ಅಂಕುಡೊಂಕೇ ಸಂಗೀತ. ಗಾಯಕನ ಗಮಕ, ಮೃದಂಗದ ಚಾಪು, ತಂಬೂರಿಯ ಝೇಂಕಾರ ಎಲ್ಲವೂ ಅಲ್ಲಿ ಬರಿಯ ಬಾಗುಬಳುಕುಗಳಾಗಿ ಮಲಗಿವೆ. ವಜ್ರದ ಮುಳ್ಳು ಆ ದಡಗಳನ್ನು ತಡವುತ್ತ ಸಾಗಿದಾಗ ಅವು ಮತ್ತೆ ದನಿಯಾಗಿ ಏಳುತ್ತವೆ.

ಇಂಥ ಸೂಕ್ಷ್ಮವಾದ ಕಾಲುವೆಯಲ್ಲಿ ಒಂದು ಕಣ ಧೂಳು ಬಿದ್ದರೆ ಏನಾದೀತು? ಮುಳ್ಳಿನ ಪಾಲಿಗೆ ಅದು ದಾರಿಯಲ್ಲಿ ಬಿದ್ದ ಬಂಡೆ. ಅದನ್ನು ಎಡವಿದಾಗಲೆಲ್ಲ ನಮಗೆ ಕೇಳಿಸುವುದು ‘ಚಟ್’ ಎಂಬ ಸದ್ದು. ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಮುಳ್ಳು ತಟ್ಟೆಯ ಮೇಲೆ ಹೇರುವ ಭಾರ ಒಂದೂವರೆ, ಎರಡು ಗ್ರಾಂ ಇರಬಹುದು. ಆದರೆ ಆ ಭಾರವೆಲ್ಲ ಕಣ್ಣಿಗೆ ಕಾಣದಷ್ಟು ಕಿರಿದಾದ ಎರಡು ಬಿಂದುಗಳ ಮೇಲೆ ಬೀಳುವುದರಿಂದ ಒತ್ತಡ ಅಗಾಧ. ಆ ಒತ್ತಡದಲ್ಲಿ ಮರಳಿನ ಕಣವೊಂದು ಸಿಕ್ಕಿಕೊಂಡರೆ ಅದು ಸಾಣೆಯ ಕೆಲಸ ಮಾಡುತ್ತದೆ. ದಡವನ್ನೂ ತೇಯುತ್ತದೆ, ಮುಳ್ಳನ್ನೂ ತೇಯುತ್ತದೆ. ಕೊಳೆಯಾಗಿದ್ದುದು ಹೀಗೆ ಸವೆತವಾಗಿ ಮಾರ್ಪಡುತ್ತದೆ. ಆದ್ದರಿಂದ ಬಹುಕಾಲ ಮೂಲೆಯಲ್ಲಿದ್ದ ತಟ್ಟೆಯನ್ನು ‘ಹೇಗಿದೆ ನೋಡೋಣ’ ಎಂದು ಮೊದಲು ಹಾಕಿ ಕೇಳಿ, ಆಮೇಲೆ ತೊಳೆಯುವುದು ತಪ್ಪು ಕ್ರಮ. ತೊಳೆದೇ ಕೇಳಬೇಕು.

ಬಟ್ಟೆಯಿಂದ ಒರೆಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಬಟ್ಟೆಯ ನೂಲೆಳೆ ಕಾಲುವೆಯ ತಳಕ್ಕೆ ಇಳಿಯುವುದಿಲ್ಲ. ಮೇಲಿನ ಧೂಳನ್ನು ಒಳಕ್ಕೆ ದೂಡುತ್ತದೆ. ಒಣಬಟ್ಟೆಯಿಂದ ಉಜ್ಜಿದ ವಿನೈಲು ಸ್ಥಿರವಿದ್ಯುತ್ತನ್ನು ತಳೆದು, ಗಾಳಿಯಲ್ಲಿರುವ ಧೂಳನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ. ನಲ್ಲಿಯ ಕೆಳಗೆ ಹಿಡಿದು ತೊಳೆದು, ಒರಗಿಸಿ ಒಣಗಲು ಬಿಡುವವರೂ ಉಂಟು. ಸಾರಿಸಿದ ನೆಲದ ಮೇಲೆ ಕೊಳೆನೀರು ಹಾಗೆಯೇ ಆರಿದರೆ ಏನಾಗುತ್ತದೆಂಬುದು ಗೃಹಿಣಿಯರಿಗೆಲ್ಲ ತಿಳಿದಿದೆ. ಇಲ್ಲಿಯೂ ಅದೇ ಸಂಗತಿ. ನೀರು ಆವಿಯಾಗಿ ಹೋಗುತ್ತದೆ. ನೀರು ಬಿಡಿಸಿದ ಕೊಳೆ ಕಾಲುವೆಯ ತಳಕ್ಕೆ ಇಳಿದು ಅಲ್ಲಿಯೇ ಗಟ್ಟಿಯಾಗುತ್ತದೆ.

ಎಂದರೆ, ತೊಳೆಯುವುದೆಂಬುದರಲ್ಲಿ ಎರಡು ಕ್ರಿಯೆಗಳಿವೆ. ಕೊಳೆಯನ್ನು ನೀರಿನಲ್ಲಿ ಬಿಡಿಸುವುದು ಒಂದು. ಆ ನೀರು ಆರುವ ಮೊದಲೇ ಅದನ್ನು ಕೊಳೆಯ ಸಮೇತ ಹೊರಕ್ಕೆ ಒಯ್ಯುವುದು ಇನ್ನೊಂದು. ಮೊದಲನೆಯದನ್ನು ಕುಂಚ ಮಾಡೀತು. ಎರಡನೆಯದಕ್ಕೆ ಬೇಕಾದುದೇ ಗಾಳಿಯ ಸೆಳೆತ, ಅಂದರೆ ವ್ಯಾಕ್ಯೂಮ್ ಯಂತ್ರ.

ಈ ಯಂತ್ರದ ಮೂಲಕಲ್ಪನೆ ಇಂಗ್ಲೆಂಡಿನದು. ‘ಗ್ರಾಮಫೋನ್’ ಎಂಬ ಪತ್ರಿಕೆಯ ತಾಂತ್ರಿಕ ಸಂಪಾದಕರಾಗಿದ್ದ ಪರ್ಸಿ ವಿಲ್ಸನ್ ಅವರು ರೂಪಿಸಿದ ವಿನ್ಯಾಸವನ್ನು ಕೀತ್ ಮಾಂಕ್ಸ್ ಎಂಬವರು 1960ರ ದಶಕದ ಕೊನೆಯ ಹೊತ್ತಿಗೆ ತಯಾರಿಕೆಗೆ ತಂದರು. ಬಿಬಿಸಿಯಂಥ ಬಾನುಲಿ ಸಂಸ್ಥೆಗಳು ಅದನ್ನು ಬಳಸಿದವು. ಅದರಲ್ಲಿ ಸಣ್ಣ ಕೊಳವೆಯೊಂದು ತಟ್ಟೆಯ ಮೇಲೆ ಸರಿಯುತ್ತ ನೀರನ್ನು ಹೀರುತ್ತದೆ. ಕೊಳವೆಯ ಬಾಯಿ ತಟ್ಟೆಗೆ ನೇರವಾಗಿ ತಗುಲದಂತೆ ನಡುವೆ ಒಂದು ದಾರ. ಕೆಲಸ ಅಚ್ಚುಕಟ್ಟು, ಬೆಲೆ ದುಬಾರಿ. 1980ರ ದಶಕದಲ್ಲಿ ಅಮೆರಿಕದ ವಿಪಿಐ, ನಿಟಿ ಗ್ರಿಟಿ ಮುಂತಾದ ಕಂಪನಿಗಳು ಮನೆಬಳಕೆಯ ಯಂತ್ರಗಳನ್ನು ಪ್ರಚಾರಕ್ಕೆ ತಂದವು. ಅವುಗಳಲ್ಲಿ ಕೊಳವೆಯ ಸಣ್ಣ ಬಾಯಿಗೆ ಬದಲಾಗಿ ತಟ್ಟೆಯ ಅಂಚಿನಿಂದ ಚೀಟಿಯವರೆಗೆ ಚಾಚಿದ ಒಂದು ಉದ್ದನೆಯ ಸೀಳು. ಸೀಳಿನ ಎರಡು ಬದಿಗೂ ಮಖಮಲ್ಲಿನ ಪಟ್ಟಿ.

ಅಗ್ಗದ ಯಂತ್ರಗಳ ಗುಟ್ಟು ಇಲ್ಲಿದೆ. ದುಬಾರಿ ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ತಟ್ಟೆ ತಿರುಗಿಸುವ ಮೋಟಾರಿಗೆ, ನೀರೆರೆಯುವ ಪಂಪಿಗೆ, ಚೆಂದದ ಪೆಟ್ಟಿಗೆಗೆ ಸಲ್ಲುತ್ತದೆ. ಶುದ್ಧಿಗೆ ನಿಜವಾಗಿ ಬೇಕಾದುದು ಸೆಳೆತ ಮತ್ತು ಸೀಳು ಮಾತ್ರ. ರೆಕಾರ್ಡ್ ಡಾಕ್ಟರ್ ಎಂಬ ಯಂತ್ರದಲ್ಲಿ ತಟ್ಟೆಯನ್ನು ಕೈಯಿಂದಲೇ ತಿರುಗಿಸಬೇಕು. ಇನ್ನೂ ಸರಳವಾದುದು, ಸೀಳು ಕೊರೆದ ಒಂದು ಕೊಳವೆ ಮಾತ್ರ: ಅದರ ಒಂದು ತುದಿಯ ಮೊಳೆಯನ್ನು ತಟ್ಟೆಯ ನಡುರಂಧ್ರದಲ್ಲಿ ಇರಿಸಿ, ಇನ್ನೊಂದು ತುದಿಯನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆಗೆ ಸೇರಿಸುವುದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆ ಕ್ಲೀನರು ಒದ್ದೆಯನ್ನೂ ಹೀರಬಲ್ಲ ಜಾತಿಯದಾಗಿರಲೇಬೇಕು. ಒಣಧೂಳಿಗೆಂದೇ ಮಾಡಿದ ಯಂತ್ರಕ್ಕೆ ನೀರು ಹೀರಿಸಿದರೆ ವಿದ್ಯುತ್ ಆಘಾತದ ಅಪಾಯವುಂಟು.

ವಿಧಾನ ಹೀಗೆ. ಮೊದಲು ಮೃದುವಾದ ಒಣಕುಂಚದಿಂದ ಮೇಲಿನ ಧೂಳನ್ನು ತೆಗೆಯಬೇಕು. ಬಳಿಕ ದ್ರವವನ್ನು ಚೀಟಿಗೆ ತಾಗದಂತೆ ಎರೆದು, ಗೆರೆಗಳ ಜಾಡಿನಲ್ಲಿಯೇ, ಎಂದೂ ಅಡ್ಡಲಾಗಿ ಅಲ್ಲ, ಕುಂಚದಿಂದ ಹರಡಬೇಕು. ಒಂದೆರಡು ನಿಮಿಷ ನೆನೆಯಲು ಬಿಡಬೇಕು; ಆರಲು ಬಿಡಬಾರದು. ಆಮೇಲೆ ಯಂತ್ರವನ್ನು ಚಾಲನೆ ಮಾಡಿ, ಸೀಳಿನ ಮೇಲೆ ತಟ್ಟೆಯನ್ನು ಒಂದೆರಡು ಸುತ್ತು ನಿಧಾನವಾಗಿ ತಿರುಗಿಸಿದರೆ ನೀರೆಲ್ಲ ಹೊರಟುಹೋಗುತ್ತದೆ. ಇನ್ನಷ್ಟು ಒಣಗಲೆಂದು ಹೀರುತ್ತಲೇ ಇದ್ದರೆ ಸ್ಥಿರವಿದ್ಯುತ್ತು ಮರಳಿ ಹುಟ್ಟುತ್ತದೆ. ಕೊನೆಗೆ ಬರಿಯ ಶುದ್ಧಜಲವನ್ನು ಹಚ್ಚಿ ಇನ್ನೊಮ್ಮೆ ಹೀರಿಸಬೇಕು. ಅನೇಕರು ಬಿಟ್ಟುಬಿಡುವ ಹಂತ ಇದು. ಬಿಟ್ಟರೆ ಸಾಬೂನಿನ ಅಂಶವೇ ಹೊಸ ಕೊಳೆಯಾಗಿ ಉಳಿಯುತ್ತದೆ. ಮಖಮಲ್ಲಿನ ಪಟ್ಟಿಗಳನ್ನೂ ಆಗಾಗ ತೊಳೆಯಬೇಕು; ಇಲ್ಲವಾದರೆ ಒಂದು ತಟ್ಟೆಯ ಮರಳು ಇನ್ನೊಂದನ್ನು ಗೀಚೀತು.

ದ್ರವ ಯಾವುದು? ಬಟ್ಟಿ ಇಳಿಸಿದ ನೀರು. ನೂರು ಭಾಗ ನೀರಿಗೆ ಒಂದು ಭಾಗಕ್ಕಿಂತಲೂ ಕಡಿಮೆ, ಬಣ್ಣ ಪರಿಮಳಗಳಿಲ್ಲದ ಸೌಮ್ಯ ಮಾರ್ಜಕ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆ ತನ್ನ ಧ್ವನಿಭಂಡಾರಕ್ಕಾಗಿ ಅನುಸರಿಸಿದ್ದೂ ಇದೇ ಜಾಡು. ಕೊಳವೆಬಾವಿಯ ನೀರನ್ನು ಬಳಸಬಾರದು. ಬಿಸಿನೀರಿನ ಹಂಡೆಯ ಒಳಮೈಯಲ್ಲಿ ಬಿಳಿಯ ಹಕ್ಕಳೆ ಕಟ್ಟಿಸುವ ಗಡಸುನೀರು, ತಟ್ಟೆಯ ಕಾಲುವೆಯಲ್ಲಿಯೂ ಅದನ್ನೇ ಬಿಟ್ಟುಹೋಗುತ್ತದೆ.

ಈಗ ವಿಷದ ಮಾತು. ಬೇಗ ಆರುತ್ತದೆಂದು ಕೆಲವರು ದ್ರವಕ್ಕೆ ಸ್ಪಿರಿಟ್ ಬೆರೆಸುತ್ತಾರೆ. ಅಂಗಡಿಯ ಕೆಲವು ದ್ರವಗಳಲ್ಲಿಯೂ ಅದಿರುತ್ತದೆ. ವಿನೈಲಿನ ವಿಷಯದಲ್ಲಿ ಇದು ಚರ್ಚಾಸ್ಪದವಾಗಿದ್ದೀತು. ಅರಗಿನ ತಟ್ಟೆಯ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಬಡಗಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಮರಕ್ಕೆ ಪಾಲಿಶ್ ಹಚ್ಚುವುದು. ಪಾಂಡವರಿಗಾಗಿ ಕಟ್ಟಿದ ಅರಗಿನ ಮನೆಗೆ ಬೆಂಕಿ ಹೇಗೋ, 78 ಸುತ್ತಿನ ತಟ್ಟೆಗೆ ಸ್ಪಿರಿಟ್ ಹಾಗೆ: ಒಮ್ಮೆ ಸವರಿದರೆ ಕಾಲುವೆಯ ದಡವೇ ಕರಗಿ, ದನಿ ಮರಳಿ ಬಾರದಂತೆ ಅಳಿದುಹೋಗುತ್ತದೆ. ಅರಗಿನ ತಟ್ಟೆಯನ್ನು ಸ್ಪಿರಿಟ್ ಇಲ್ಲದ ದ್ರವದಿಂದ ಬೇಗಬೇಗನೆ ತೊಳೆದು ಹೀರಿಸಬೇಕು. ಬಿರುಕು ಬಿಟ್ಟದ್ದಾದರೆ ನೀರನ್ನೂ ಸೋಕಿಸಬಾರದು. ಲೋಹದ ಹಲಗೆಗೆ ಮೆರುಗೆಣ್ಣೆಯಂಥ ಲೇಪ ಕೊಟ್ಟು, ಅಚ್ಚೊತ್ತದೆ ನೇರವಾಗಿ ಕೊರೆದ ತಟ್ಟೆಗಳೂ ಅಪರೂಪಕ್ಕೆ ಸಿಗುತ್ತವೆ. ಅವುಗಳಿಗೆ ಬೇರೆ ಪ್ರತಿಯೇ ಇರುವುದಿಲ್ಲ; ಅವನ್ನು ಮನೆಯಲ್ಲಿ ಮುಟ್ಟದೆ ತಜ್ಞರಿಗೆ ಒಪ್ಪಿಸುವುದು ಲೇಸು.

ಇಷ್ಟೊಂದು ಎಚ್ಚರಿಕೆ ಏಕೆ? 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಮ್ಮ ಕಂಠವನ್ನು ತಟ್ಟೆಗೆ ಒಪ್ಪಿಸಿದರು. ಅವರ ಬದುಕಿನ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಇಂದು ಅವರ ಗಾಯನ ನಮಗೆ ಉಳಿದಿರುವುದು ಯಾರೋ ಒಬ್ಬರು ಮನೆಯಲ್ಲಿ ಜೋಪಾನ ಮಾಡಿದ ಅರಗಿನ ತಟ್ಟೆಗಳಿಂದ. ಹೀಗೆ ಮೂಲ ಅಚ್ಚುಗಳು ನಾಶವಾಗಿ, ಮನೆಗಳಲ್ಲಿ ಚದುರಿದ ತಟ್ಟೆಗಳೇ ಕೊನೆಯ ಸಾಕ್ಷಿಗಳಾಗಿ ಉಳಿದ ಹಾಡುಗಳು, ನಾಟಕದ ಪದಗಳು ಎಷ್ಟೋ ಇವೆ. ತಟ್ಟೆಯಿಂದ ಗಣಕಕ್ಕೆ ದನಿಯನ್ನು ಇಳಿಸಿಕೊಳ್ಳುವ ಅನುಕೂಲ ಈಗ ಅನೇಕರಿಗಿದೆ. ಆದರೆ ಕೊಳೆಯ ತಟ್ಟೆಯಿಂದ ಇಳಿಸಿಕೊಂಡರೆ ಕೊಳೆಯ ಸದ್ದೂ ಜೊತೆಗೇ ಇಳಿಯುತ್ತದೆ. ಆಮೇಲೆ ಗಣಕದಲ್ಲಿ ಅದನ್ನು ಅಳಿಸಹೊರಟರೆ, ಚರಚರದ ಜೊತೆಗೆ ಹಾಡಿನ ಒಂದಿಷ್ಟು ಜೀವವೂ ಅಳಿಯುವ ಸಂಭವವುಂಟು.

ತೊಳೆದ ತಟ್ಟೆಯನ್ನು ಹಳೆಯ ಕೊಳಕು ಲಕೋಟೆಗೆ ಮತ್ತೆ ತುರುಕಬಾರದು. ಹೊಸ ಒಳಚೀಲ ಬೇಕು. ಬಿಸಿಲು, ಬೂಷ್ಟುಗಳಿಂದ ದೂರವಾಗಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಯಂತ್ರ ಪವಾಡ ಮಾಡುವುದಿಲ್ಲ. ಗೀರು ಮಾಯುವುದಿಲ್ಲ, ಸವೆದ ದಡ ಮತ್ತೆ ಬೆಳೆಯುವುದಿಲ್ಲ. ಅದು ಮಾಡುವ ಉಪಕಾರ ಇಷ್ಟೇ: ಕೊಳೆಯ ಸದ್ದನ್ನು ತೆಗೆದು, ಉಳಿದದ್ದು ಎಷ್ಟೆಂಬುದನ್ನು ನಮಗೆ ತಿಳಿಸುತ್ತದೆ. ತಟ್ಟೆಯನ್ನು ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಅದಕ್ಕೆ ಈ ಒಂದು ಸ್ನಾನವನ್ನಾದರೂ ಮಾಡಿಸಿ ನೋಡುವುದು ನ್ಯಾಯ.