ಬೋರ್ಡಿನ ಮೇಲೆ ಕಣ್ಣೆತ್ತಿ, ಅಲ್ಲೊಂದು ಹೊನ್ನಾಳಿ ಇದೆ!

ಹೊನ್ನಾಳಿ: ಶಿವಮೊಗ್ಗದ ಬಸ್ಸು ಇನ್ನೂ ಬಂದಿಲ್ಲ. ನಿಲ್ದಾಣದಲ್ಲಿ ನಿಂತ ಹತ್ತು ಜನರಲ್ಲಿ ಎಂಟು ಜನರ ಕತ್ತು ಬಗ್ಗಿದೆ. ಕೈಯಲ್ಲಿ ಮೊಬೈಲು. ಅಡಿಕೆ ಧಾರಣೆ, ಕ್ರಿಕೆಟ್ ಸ್ಕೋರು, ನೆಂಟರ ಮನೆ ನಾಮಕರಣ ಎಲ್ಲವೂ ಅದರಲ್ಲೇ. ಆ ಮೊಬೈಲಿನ ಬೆನ್ನಿಗೊಂದು ಕಣ್ಣೂ ಇದೆ. ಪಾಪ, ಅದು ಬೆಳಗಿನಿಂದ ನೋಡುತ್ತಿರುವುದು ಬರೀ ನೆಲವನ್ನು!

ಆ ಕಣ್ಣನ್ನು ಒಂದು ಸಾರಿ ಮೇಲಕ್ಕೆತ್ತಿದರೆ?

ಹಳೆ ಪೇಟೆ ಬೀದಿಯಲ್ಲಿ ಕಟ್ಟಡಕ್ಕೆ ಎರಡು ಮುಖ. ಕೆಳಗಿನ ಮುಖ ಅಂಗಡಿಯದು. ರೋಲಿಂಗ್ ಷಟರು, ಫ್ಲೆಕ್ಸು, ಟ್ಯೂಬ್‌ಲೈಟು. ಬೋರ್ಡಿನ ಮೇಲಿನ ಮುಖ ಮನೆ ಕಟ್ಟಿಸಿದ ಅಜ್ಜನದು. ಗಾರೆಯಲ್ಲಿ ಎತ್ತಿದ ಬಳ್ಳಿ, ಕಟ್ಟಿದ ಇಸವಿ, ಮರದ ಕಟಕಟೆ, ಸಣ್ಣ ಬೆಳಕಿಂಡಿ, ಅದರ ಮೇಲೆ ಪಾಚಿಗಟ್ಟಿದ ಹೆಂಚು. ದಿನಾ ಆ ಬೀದಿಯಲ್ಲೇ ಓಡಾಡುವವರಿಗೂ ಇದು ಕಂಡಿರುವುದಿಲ್ಲ. ಕೇಳಿದರೆ, 'ಏನಿದೆ ಬಿಡ್ರೀ ಅದರಲ್ಲಿ? ಇದೇನು ಬೇಲೂರಾ, ಹಳೇಬೀಡಾ?' ಅಂತಾರೆ.

ಬೇಲೂರು ಅಲ್ಲ, ಒಪ್ಪೋಣ. ಆದರೆ ಬೇಲೂರಿನ ಫೋಟೊ ಸಾವಿರ ಜನ ತೆಗೆದಿದ್ದಾರೆ. ಅದು ನಾಳೆಯೂ ಅಲ್ಲೇ ಇರುತ್ತೆ. ಪೇಟೆ ಬೀದಿಯ ಹೆಂಚಿನ ಮನೆ ನಾಳೆ ಇರುತ್ತದೆಂಬ ಭರವಸೆ ಯಾರಿಗಿದೆ? ರಸ್ತೆ ಅಗಲವಾಗಬೇಕು, ಅಣ್ಣತಮ್ಮಂದಿರ ಪಾಲಾಗಬೇಕು, ಮಗನಿಗೆ ಆರ್‌ಸಿಸಿ ಬೇಕು. ಯಾವುದೂ ತಪ್ಪಲ್ಲ. ಬೀಳುವ ಮುಂಚೆ ಒಂದು ಫೋಟೊ ತೆಗೆದಿಡಲಿಲ್ಲವಲ್ಲ, ಅದು ತಪ್ಪು.

ಹನ್ನೆರಡೇ ಚಿತ್ರದ ಕಾಲ

ಹಿಂದೆ ಫೋಟೊ ಅಂದರೆ ಖರ್ಚಿನ ಬಾಬತ್ತು. ಸ್ಟುಡಿಯೊಗಳಲ್ಲಿ ಮೂರು ಕಾಲಿನ ಮರದ ಕ್ಯಾಮರಾ. ಫೋಟೊಗ್ರಾಫರ್ ಕರಿಬಟ್ಟೆ ಹೊದ್ದು ನೋಡಿದರೆ ಗಾಜಿನ ಮೇಲೆ ಊರೇ ತಲೆಕೆಳಗು! ಆಮೇಲೆ ಮನೆಮನೆಗೆ ಬಂದದ್ದು ಆಗ್ಫಾ ಕ್ಲಿಕ್ ತ್ರೀ ಎಂಬ ಡಬ್ಬಿ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಅಷ್ಟೇ ಅದರ ವಿದ್ಯೆ. ಹನ್ನೆರಡರಲ್ಲಿ ಒಂದು ಹಾಳಾದರೂ ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ ಮೊದಲು ನೋಡುತ್ತಿದ್ದರು, ನಿಂತ ಜಾಗ ಬದಲಿಸುತ್ತಿದ್ದರು, ಬಿಸಿಲಿಗೆ ಕಾಯುತ್ತಿದ್ದರು. ಕ್ಲಿಕ್ ಅನ್ನಿಸುತ್ತಿದ್ದದ್ದು ಕಟ್ಟಕಡೆಗೆ.

ಈಗ ಮೊಬೈಲಿನಲ್ಲಿ ನೂರು ತೆಗೆದರೂ ಕಾಸಿಲ್ಲ. ಹಾಗಂತ ನೋಡುವ ಕೆಲಸವನ್ನೇ ಬಿಟ್ಟಿದ್ದೇವೆ. ಹಳಬರ ತಾಳ್ಮೆ, ಹೊಸಬರ ಮೊಬೈಲು ಎರಡೂ ಸೇರಿದರೆ ಒಂದು ಊರಿನ ಚಿತ್ರಸಂಪುಟವೇ ಆದೀತು.

ಕರ್ನಾಟಕಕ್ಕೆ ಇದರಲ್ಲಿ ದೊಡ್ಡ ಹೆಸರೇ ಇದೆ. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಸಾಮಾನ್ಯ ಜನರ ಬದುಕನ್ನೇ ಚಿತ್ರವಾಗಿಸಿ 1977ರಲ್ಲಿ ಪದ್ಮಶ್ರೀ ಪಡೆದರು. ಟಿ. ಎಸ್. ನಾಗರಾಜನ್ ಅವರು ದೇಶ ಸುತ್ತಿ ತೆಗೆದದ್ದು ಹಳೆ ಮನೆಗಳ ಒಳಗನ್ನು. ಪಡಸಾಲೆ, ಕಂಬ, ತೊಟ್ಟಿಗೆ ಇಳಿಯುವ ಬೆಳಕು. ಅರಮನೆಯನ್ನಷ್ಟೇ ತೆಗೆಯಬೇಕೆಂದು ಇವರು ಕೂತಿದ್ದರೆ ಆ ಮನೆಗಳ ಗತಿ ಏನಾಗುತ್ತಿತ್ತು?

ಡಿಕ್ಸನ್ ಸಾಹೇಬರ ಉಪಕಾರ

ಫೋಟೊದಿಂದ ಏನು ಪ್ರಯೋಜನ ಅನ್ನುವವರಿಗೆ ನಮ್ಮ ಸೀಮೆಯ ಕತೆಯೇ ಉತ್ತರ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಮೈಸೂರು ಸರ್ಕಾರಕ್ಕಾಗಿ ಕ್ಯಾಮರಾ ಹೊತ್ತು ತಿರುಗಿದರು. ಚಿತ್ರದುರ್ಗ, ಬಳ್ಳಿಗಾವೆ, ಹರಿಹರ ಮೊದಲಾದ ಕಡೆ ಸುಮಾರು 150 ಶಾಸನಗಳ ಫೋಟೊ ತೆಗೆದರು. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಬಿ. ಎಲ್. ರೈಸ್ ಓದಿ, ಅನುವಾದಿಸಿ, 1879ರಲ್ಲಿ ಪುಸ್ತಕ ಮಾಡಿದರು. ಆಮೇಲೆ ಅದೇ ರೈಸ್ ತಾಲ್ಲೂಕುವಾರು ಶಾಸನ ಸಂಪುಟ ತಂದಾಗ 1902ರ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಗಳೂ ಸೇರಿದವು. ನಾಡಿನ ಚರಿತ್ರೆಗೆ ಕಣ್ಣು ಬಂದದ್ದರಲ್ಲಿ ಕ್ಯಾಮರಾದ ಪಾಲೂ ಉಂಟು.

ಅದೇ 1865ರಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರ ಹೆಂಚಿನ ಕಾರ್ಖಾನೆ ಶುರುವಾಯಿತು. ಮಂಗಳೂರು ಹೆಂಚು ನಮ್ಮ ಬೀದಿಗಳ ಮೇಲೆ ಹತ್ತಿ ಕೂತದ್ದರ ಮೂಲ ಅದು. ಮಾಡು ಇಳಿಸುವ ದಿನ ಹೆಂಚನ್ನು ತಿರುವಿ ನೋಡಿ, ತಯಾರಿಸಿದ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತೆ. ಅದೂ ಒಂದು ಶಾಸನವೇ! ಗುಜರಿಗೆ ಹಾಕುವ ಮುಂಚೆ ಅದರದ್ದೊಂದು ಫೋಟೊ ಇರಲಿ.

ಹೊಳೆ ಬಂದಾಗ

ಹೊನ್ನಾಳಿಯವರಿಗೆ ಇನ್ನೊಂದು ಕಾರಣವೂ ಇದೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡಿ ಬರುವ ನೀರು ನಮ್ಮೂರ ಮಗ್ಗುಲಲ್ಲೇ ಹರಿಯಬೇಕು. ಹೊಳೆ ತುಂಬಿತೆಂದರೆ ಬಾಲರಾಜ್ ಘಾಟ್‌ನವರಿಗೆ ನಿದ್ದೆಯಿಲ್ಲ. 2019ರ ಆಗಸ್ಟ್ ನೆರೆಯಲ್ಲಿ ರಾಜ್ಯದಾದ್ಯಂತ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಬಿದ್ದ ಮನೆಯ ಫೋಟೊ ಎಲ್ಲರ ಹತ್ತಿರವೂ ಇರುತ್ತೆ. ಬೀಳುವ ಮುಂಚೆ ಅದು ಹೇಗೆ ನಿಂತಿತ್ತು ಅಂತ ತೋರಿಸಲು ಎಷ್ಟು ಜನರ ಹತ್ತಿರ ಇದೆ? ಚಂದಕ್ಕಾಗಿ ತೆಗೆದ ಫೋಟೊ ಕಷ್ಟಕ್ಕೂ ಆದೀತು.

ತೆಗೆಯುವುದು ಹೇಗೆ?

ದೊಡ್ಡ ವಿದ್ಯೆಯೇನಲ್ಲ. ಮೊದಲು ಮೊಬೈಲಿನ ಗಾಜನ್ನು ಅಂಗಿ ತುದಿಯಲ್ಲಿ ಒರೆಸಿ. ಬೋಂಡಾ ತಿಂದ ಕೈಯ ಜಿಡ್ಡೇ ಅರ್ಧ ಚಿತ್ರ ಕೆಡಿಸುತ್ತೆ. ಪೂರ್ವಕ್ಕೆ ಮುಖವಿರುವ ಮನೆಗೆ ಬೆಳಿಗ್ಗೆ, ಪಶ್ಚಿಮದ್ದಕ್ಕೆ ಸಂಜೆ. ಬಾಗಿಲುವಾಡದ ಕೆತ್ತನೆಗೆ ಓರೆಬಿಸಿಲು ಬೀಳಬೇಕು, ನಡುಮಧ್ಯಾಹ್ನ ಸಪ್ಪೆ. ಬುಡದಲ್ಲಿ ನಿಂತು ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಮನೆ ಹಿಂದಕ್ಕೆ ಬೀಳುವಂತೆ ಕಾಣುತ್ತೆ. ಎದುರು ಕಟ್ಟಡದ ಮಹಡಿ ಹತ್ತಿ, ಮೊಬೈಲನ್ನು ನೆಟ್ಟಗೆ ಹಿಡಿಯಿರಿ. ಜೂಮ್ ಎಳೆಯುವ ಬದಲು ಎರಡು ಹೆಜ್ಜೆ ಮುಂದಿಡಿ. ಮನೆಯವರನ್ನು ಒಂದು ಮಾತು ಕೇಳಿ. ಕೇಳಿದರೆ ಫೋಟೊ ಜತೆ ಕಾಫಿಯೂ ಸಿಕ್ಕೀತು, ಮನೆ ಕಟ್ಟಿದ ಕತೆಯೂ ಸಿಕ್ಕೀತು. ಬೀದಿ ಹೆಸರು, ತಾರೀಖು ಬರೆದಿಡಿ. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರ ಸೊರಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ಒಳ್ಳೆಯ ನಾಲ್ಕನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ.

ಕೈ ಪಳಗಬೇಕೇ? ಪಕ್ಕದ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನೀರಿನ ನಡುವೆ ವಸಂತ ಮಂಟಪ. ಗಾಳಿಯಿಲ್ಲದ ಮುಂಜಾನೆ ಮಂಟಪ ಮೇಲೊಂದು, ನೀರಿನೊಳಗೊಂದು. ಅಲ್ಲಿ ಪಳಗಿದ ಕಣ್ಣನ್ನು ವಾಪಸು ಬಂದು ನಮ್ಮ ಪೇಟೆ ಬೀದಿಗೆ ತಿರುಗಿಸಿ.

ಟ್ರಂಕಿನಲ್ಲಿ ಊರಿದೆ

ಕಡೆಯದಾಗಿ ಒಂದು ಗುಟ್ಟು. ಹಳೆ ಹೊನ್ನಾಳಿಯ ಚಿತ್ರ ಬೇಕೆಂದರೆ ಬೇರೆಲ್ಲೂ ಹುಡುಕಬೇಡಿ, ಮನೆಯ ಟ್ರಂಕು ತೆಗೆಯಿರಿ. ಅಪ್ಪ ಅಮ್ಮನ ಮದುವೆಯ ಗ್ರೂಪ್ ಫೋಟೊದಲ್ಲಿ ಎಲ್ಲರೂ ನೋಡುವುದು ಮುಂದೆ ಕೂತ ನೆಂಟರನ್ನು. ಅವರ ಬೆನ್ನ ಹಿಂದೆ ನೋಡಿ. ಜಗಲಿ, ಕಂಬ, ಬೋದಿಗೆ, ಬೀದಿಯ ತಿರುವು, ಈಗಿಲ್ಲದ ಒಂದು ಮಾಡು! ನೆಂಟರ ಹೆಸರಾದರೂ ಅಜ್ಜಿಗೆ ಗೊತ್ತು, ಆ ಕಂಬದ ಹೆಸರು ಯಾರೂ ಕೇಳಿಲ್ಲ. ಆ ಫೋಟೊ ಹಿಡಿದು ಅದೇ ಜಾಗಕ್ಕೆ ಹೋಗಿ ಮೊಬೈಲಿನಲ್ಲಿ ಇನ್ನೊಂದು ತೆಗೆಯಿರಿ. ಎರಡನ್ನೂ ಒಂದೇ ಚೌಕಟ್ಟಿಗೆ ಹಾಕಿ ಅಂಗಡಿ ಗೋಡೆಗೆ ತೂಗುಹಾಕಿದರೆ ಗಿರಾಕಿ ಎರಡು ನಿಮಿಷ ಜಾಸ್ತಿ ನಿಲ್ಲದೆ ಇರುತ್ತಾನೆಯೇ?

ಅಗೋ, ಶಿವಮೊಗ್ಗದ ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತವರು ಇವತ್ತೊಂದು ದಿನ ಮೊಬೈಲನ್ನು ಕೆಳಗೆ ಹಿಡಿಯದೆ, ಬೋರ್ಡಿನ ಮೇಲಕ್ಕೆ ಹಿಡಿಯಲಿ. ಊರು ಓಡಿಹೋಗುವ ಮುಂಚೆ!