ಪೋಕರ್ ಆಟ ದುಡಿಮೆಯಾಗಬಲ್ಲುದೇ?

ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ. ಈ ದಿನ ನಮ್ಮ ಮನೆಗಳಲ್ಲೇ ಕೇಳಿಬಂದ ಮಾತೊಂದನ್ನು ಧ್ಯಾನಿಸೋಣ: "ಕೆಲಸ ಯಾಕಪ್ಪ? ಆನ್‌ಲೈನ್ ಪೋಕರ್ ಆಡಿಯೇ ಬದುಕಬಹುದಲ್ಲ!"

ಎಲೆಯಾಟ ಮೈಸೂರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದಲ್ಲಿ ಹೊಸ ಆಟಗಳನ್ನೇ ರಚಿಸಿದರು. ಪೋಕರ್‌ಗೆ ಲೆಕ್ಕ, ತಾಳ್ಮೆ, ಜಾಣ್ಮೆ ಬೇಕೆಂಬುದೂ ನಿಜ. ಆದರೆ ಗೆದ್ದ ಹಣ ಎಲ್ಲಿಂದ ಬರುತ್ತದೆ? ಆರು ಮಂದಿ ತಲಾ 1,000 ರೂಪಾಯಿ ತಂದರೆ ಇರುವುದು 6,000 ಮಾತ್ರ. ಅದರಲ್ಲಿ ಕಂಪನಿ ತನ್ನ ಪಾಲು ಹಿಡಿದುಕೊಳ್ಳುತ್ತದೆ. ಒಬ್ಬನ ಗೆಲುವೆಂದರೆ ಇನ್ನೊಂದು ಮನೆಯ ಸಂಬಳ. ಬಡಗಿ ನೇಗಿಲು ಮಾಡಿದರೆ ಅವನಿಗೆ ಕೂಲಿ, ರೈತನಿಗೆ ಬೆಳೆ, ಇಬ್ಬರಿಗೂ ಲಾಭ. ದುಡಿಮೆಗೂ ಜೂಜಿಗೂ ಇರುವ ವ್ಯತ್ಯಾಸ ಇದೇ.

ಧರ್ಮಸಭೆಯ ಧರ್ಮೋಪದೇಶ ಗ್ರಂಥವು (2413) ಎಲೆಯಾಟವನ್ನೇ ಪಾಪವೆನ್ನುವುದಿಲ್ಲ. ತನ್ನ ಅಥವಾ ಪರರ ಜೀವನಕ್ಕೆ ಬೇಕಾದುದನ್ನು ಕಸಿದಾಗ ಅದು ತಪ್ಪು ಎನ್ನುತ್ತದೆ. ಜೂಜಿನ ಗೀಳು ಗುಲಾಮಗಿರಿಯಾದೀತೆಂದು ಎಚ್ಚರಿಸುತ್ತದೆ.

ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಡಿಸುವವರಿಗೆ 3 ವರ್ಷದವರೆಗೆ ಸೆರೆ, ಆಡಿದವನಿಗೆ ಶಿಕ್ಷೆಯಿಲ್ಲ. ಕೆಲವೇ ದಿನಗಳಲ್ಲಿ ಪ್ರಮುಖ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಅದನ್ನೇ ವೃತ್ತಿಯೆಂದು ನಂಬಿದವರು ಬರಿಗೈಯಾದರು.

ಆಟ ನಿಂತರೂ ಸಾಲ ನಿಲ್ಲದು. ತಂದೆತಾಯಿಗಳೇ, ಮಗ ಸಾಲ ಮಾಡಿಕೊಂಡಿದ್ದರೆ ಬೈದು ಮನೆಯಿಂದ ಹೊರಗಟ್ಟದಿರೋಣ. ಪಕ್ಕದಲ್ಲಿ ಕುಳಿತು ಪೂರ್ತಿ ಲೆಕ್ಕ ಕೇಳೋಣ. ಆ ಲೆಕ್ಕ, ಆ ತಾಳ್ಮೆ ಅವನಲ್ಲಿ ಇನ್ನೂ ಇವೆ. ಅವಕ್ಕೊಂದು ದುಡಿಮೆ ಹುಡುಕಿಕೊಡೋಣ.