ಎಳೆಗರುಗಳಲ್ಲಿ ‘ಎ’ ಜೀವಸತ್ತ್ವದ ಕೊರತೆಯನ್ನು ಅರಿಯುವ ಬಗೆ

ನೋಟಕ್ಕೆ ಪುಷ್ಟವಾಗಿರುವ ಕರುವೂ ಒಳಗೊಳಗೆ ‘ಎ’ ಜೀವಸತ್ತ್ವದ ಕೊರತೆಗೆ ಸಿಲುಕಿರಬಹುದು. ಕಣ್ಣಿನ ದೃಷ್ಟಿಗೂ, ಎಲುಬಿನ ಬೆಳವಣಿಗೆಗೂ, ರೋಗವನ್ನು ತಡೆಯುವ ಶಕ್ತಿಗೂ ಈ ಸತ್ತ್ವವು ಅತ್ಯಾವಶ್ಯಕವಾದುದು. ಹಸುರು ಮೇವಿನಲ್ಲಿರುವ ಕ್ಯಾರೊಟೀನ್ ಎಂಬ ವಸ್ತುವಿನಿಂದ ದನಗಳು ಇದನ್ನು ತಮ್ಮ ಶರೀರದಲ್ಲಿಯೇ ಮಾಡಿಕೊಳ್ಳುತ್ತವೆ. ಬಿಸಿಲಿನಲ್ಲಿ ಒಣಗಿ ಬಿಳುಪೇರಿದ ಹುಲ್ಲಿನಲ್ಲಿ ಕ್ಯಾರೊಟೀನು ಬಹುಮಟ್ಟಿಗೆ ನಾಶವಾಗಿರುತ್ತದೆ.

ಹುಟ್ಟುವಾಗ ಕರುವಿನ ಯಕೃತ್ತಿನಲ್ಲಿ ಈ ಸತ್ತ್ವದ ಸಂಗ್ರಹವು ಅತ್ಯಲ್ಪ; ಗಿಣ್ಣುಹಾಲೇ ಅದಕ್ಕೆ ಮೊದಲ ಆಧಾರ. ಆದುದರಿಂದ ಮೊದಲು ವಿಚಾರಿಸಬೇಕಾದುವು ಇವು: ಗಬ್ಬದ ಕಡೆಯ ತಿಂಗಳುಗಳಲ್ಲಿ ತಾಯಿಗೆ ಹಸುರು ಮೇವು ದೊರೆಯಿತೆ? ಹುಟ್ಟಿದ ಕೆಲವು ಗಂಟೆಗಳೊಳಗೆ ಕರುವು ಗಿಣ್ಣುಹಾಲನ್ನು ಹೊಟ್ಟೆತುಂಬ ಕುಡಿಯಿತೆ? ಅನಂತರ ಅದಕ್ಕೆ ಕೆನೆ ತೆಗೆದ ಹಾಲನ್ನೇ ಕುಡಿಸಲಾಯಿತೆ? ಈ ಸತ್ತ್ವವು ಕೊಬ್ಬಿನೊಡನೆ ಇರತಕ್ಕದ್ದಾದುದರಿಂದ ಕೆನೆಯೊಂದಿಗೆ ಅದೂ ಹೊರಟುಹೋಗುತ್ತದೆ.

ಎರಡನೆಯದು ಮುಸ್ಸಂಜೆಯ ಪರೀಕ್ಷೆ. ಕರುವಿಗೆ ಪರಿಚಯವಿಲ್ಲದ ಸ್ಥಳದಲ್ಲಿ ಹುಲ್ಲಿನ ಕಂತೆಗಳನ್ನು ಅಡ್ಡವಾಗಿಟ್ಟು, ಮಬ್ಬು ಬೆಳಕಿನಲ್ಲಿ ಅದನ್ನು ಮೆಲ್ಲನೆ ನಡೆಯಿಸಬೇಕು. ಹಗಲಿನಲ್ಲಿ ಸರಿಯಾಗಿ ನಡೆಯುವ ಕರುವು ಆಗ ಎಡವಿದರೆ ಇರುಳುಗುರುಡನ್ನು ಶಂಕಿಸಬೇಕು.

ಮೂರನೆಯದು ರಕ್ತಪರೀಕ್ಷೆ. ಆದರೆ ಇದೊಂದನ್ನೇ ನಂಬುವುದು ಯುಕ್ತವಲ್ಲ. ಏಕೆಂದರೆ, ಯಕೃತ್ತೆಂಬ ಉಗ್ರಾಣವು ಬಹುಮಟ್ಟಿಗೆ ಬರಿದಾಗುವವರೆಗೂ ರಕ್ತಕ್ಕೆ ಸತ್ತ್ವವನ್ನು ಒದಗಿಸುತ್ತಲೇ ಇರುತ್ತದೆ. 100 ಮಿಲಿಲೀಟರು ರಕ್ತರಸದಲ್ಲಿ 20 ಮೈಕ್ರೋಗ್ರಾಮಿಗಿಂತ ಕಡಿಮೆ ಸತ್ತ್ವವು ಕಂಡರೆ ಕೊರತೆಯ ಶಂಕೆಯು ಬಲಪಡುತ್ತದೆ. ಹೆಚ್ಚಾಗಿ ಕಂಡ ಮಾತ್ರಕ್ಕೆ ಸಂಗ್ರಹವು ಸಾಕಷ್ಟಿದೆಯೆಂದು ಹೇಳಲಾಗದು. ಇನ್ನೂ ಗಿಣ್ಣು ಕುಡಿಯದ ಕರುವಿನಲ್ಲಿ ಈ ಪ್ರಮಾಣವು ಸಹಜವಾಗಿಯೇ ತಗ್ಗಿರುತ್ತದೆ. ಒಂದೇ ಕರುವಿನ ರಕ್ತಕ್ಕಿಂತ ಅದೇ ವಯಸ್ಸಿನ ಹಲವು ಕರುಗಳ ರಕ್ತವನ್ನು ಪರೀಕ್ಷಿಸುವುದು ಮೇಲು. ಮಾದರಿಗೆ ಬೆಳಕು ತಾಗಬಾರದು.

ನಿಜವಾದ ಸಂಗ್ರಹವನ್ನು ತಿಳಿಸತಕ್ಕದ್ದು ಯಕೃತ್ತಿನ ಪರೀಕ್ಷೆಯೇ. ಜೀವಂತ ಕರುವಿನಿಂದ ಯಕೃತ್ತಿನ ಸಣ್ಣ ತುಣುಕನ್ನು ಪಶುವೈದ್ಯರು ಮಾತ್ರ ತೆಗೆಯಬಲ್ಲರು. ಮಂದೆಯಲ್ಲಿ ಕರುವೊಂದು ಸತ್ತರೆ ಅದನ್ನು ಹೂಳುವ ಮೊದಲು ವೈದ್ಯರಿಗೆ ತಿಳಿಸಬೇಕು. ಅದರ ಯಕೃತ್ತು ಉಳಿದ ಕರುಗಳ ಸ್ಥಿತಿಯನ್ನು ಸೂಚಿಸಬಹುದು.

ಇದರಲ್ಲಿ ತಡಮಾಡಲಾಗದು. ಇರುಳುಗುರುಡು ಸಕಾಲದ ಚಿಕಿತ್ಸೆಯಿಂದ ವಾಸಿಯಾಗುವುದುಂಟು. ಆದರೆ ಬೆಳೆಯುವ ಕರುವಿನಲ್ಲಿ ದೃಷ್ಟಿನರವು ಹಾಯುವ ಎಲುಬಿನ ರಂಧ್ರವು ಕಿರಿದಾಗಿ ನರವು ನಶಿಸಿದರೆ, ಹೋದ ಕಣ್ಣು ಮರಳಿ ಬಾರದು. ಶಂಕೆ ಹುಟ್ಟಿದೊಡನೆ ಹಸುರು ಮೇವನ್ನು ಒದಗಿಸಿ ಪಶುವೈದ್ಯರನ್ನು ಕಾಣಬೇಕು. ಈ ಸತ್ತ್ವವು ಅತಿಯಾದರೂ ವಿಷವಾಗುವುದರಿಂದ, ಔಷಧವನ್ನು ಅವರು ಹೇಳಿದ ಪ್ರಮಾಣದಲ್ಲಿಯೇ ಕೊಡತಕ್ಕದ್ದು.